ಬೀಗದ ಕೈ ಜಾಗ ಬದಲಿಸಿದ ವಿಷಯ

ಶನಿವಾರ, ಜೂನ್ ೧೪

ಪ್ರೀತಿಯ ಪುಟ್ಟಿ,

ನಾನು, ನಿನ್ನ ಭಾವ ಇಬ್ಬರೂ ಆರೋಗ್ಯವಾಗಿದ್ದೇವೆ. ನಿನ್ನ ಬೆನ್ನು ನೋವು ಹೇಗಿದೆ? ದಿನವಿಡೀ ಬಸ್ಸಿನಲ್ಲಿ ನಿಂತೇ ಟಿಕೆಟ್ ಕೊಡುವವಳನ್ನು ಮೊದಲು ಕೇಳಬೇಕಾದದ್ದೇ ಅದು. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಏಳು ತಿಂಗಳು ತಳ್ಳಿಬಿಟ್ಟೆ. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ಫೋನಿನಲ್ಲಿ ಸಬೂಬು ಹೇಳಿದ್ದೆ. ಕೆಲಸ ಎಂದಿನಷ್ಟೇ ಇದೆ. ಕ್ಷಮಿಸು.

ಹೋದ ವಾರ ಟೀಚರೊಬ್ಬರ ಕನ್ನಡಕಕ್ಕೆ ಎಡಗಣ್ಣಿನ ಗಾಜನ್ನು ಬಲಕ್ಕೂ ಬಲಗಣ್ಣಿನದನ್ನು ಎಡಕ್ಕೂ ಉಜ್ಜಿ ಕೂರಿಸಿಬಿಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು. ಅಂಗಡಿ ಯಜಮಾನರು ಬೈಯಲಿಲ್ಲ. "ಏನೋ ತಲೇಲಿ ಇಟ್ಕೊಂಡು ಕೆಲಸ ಮಾಡ್ತಿದ್ದೀರಮ್ಮ. ಅದನ್ನ ಎಲ್ಲಾದ್ರೂ ಇಳಿಸಿ ಬನ್ನಿ" ಎಂದರು. ಇಳಿಸಲು ಇರುವ ಜಾಗ ನೀನೊಬ್ಬಳೇ.

"ಅಕ್ಕಾ, ಆವತ್ತು ಕೀ ಅಲ್ಲಿ ಯಾಕಿರಲಿಲ್ಲ?" ಎಂದು ಎರಡೂ ಪತ್ರಗಳಲ್ಲಿ ಕೇಳಿದ್ದೀಯ. ಎರಡನೆಯದರಲ್ಲಿ ಆ ಸಾಲನ್ನು ಬರೆದು, ಹೊಡೆದುಹಾಕಿ, ಮತ್ತೆ ಕೆಳಗೆ ಬರೆದಿದ್ದೀಯ.

ಪಕ್ಕದ ಬೀದಿಯಲ್ಲಿ ಕಳ್ಳತನವಾದದ್ದು ನಿಜ. ಹೊಸ ಬೀಗ ಹಾಕಿಸಲೆಂದು ಬೀಗ ರಿಪೇರಿಯವರನ್ನು ಕರೆಸಿದ್ದೆ. ಬಾಯಿ ತುಂಬ ಮಾತಿನ ಮನುಷ್ಯ. ಅಂಗಳದಲ್ಲಿ ನಿಂತು, "ನಾನು ಹುಡುಕ್ಲಾ ಅಮ್ಮ, ನಿಮ್ಮ ಇನ್ನೊಂದು ಕೀ?" ಎಂದರು. ಕಾಲೊರಸಿನ ಕೆಳಗೆ ನೋಡಿದರು, ಹೂಕುಂಡ ಎತ್ತಿದರು, ಬಾಗಿಲ ಚೌಕಟ್ಟಿನ ಮೇಲೆ ಕೈಯಾಡಿಸಿದರು. ಆಮೇಲೆ ನೇರವಾಗಿ ನೀರಿನ ಮೀಟರ್ ಪೆಟ್ಟಿಗೆ ತೆರೆದು ಅದರ ಹಿಂದಿನಿಂದ ತಗಡಿನ ಡಬ್ಬಿ ತೆಗೆದು ನನ್ನ ಕೈಗಿಟ್ಟರು. ಒಂದು ನಿಮಿಷವೂ ಆಗಿರಲಿಲ್ಲ.

"ಎಲ್ರೂ ಇಡೋದು ಇಷ್ಟೇ ಜಾಗದಲ್ಲಿ. ಬಾಗಿಲಿಂದ ದೂರ ಇಡಿ. ನಂಬಿಕೆ ಇರೋರ ಕೈಗೆ ಕೊಟ್ರೆ ಇನ್ನೂ ಒಳ್ಳೇದು. ಬರೋ ಹೋಗೋರಿಗೆಲ್ಲ ಗೊತ್ತಿರೋದು ಮಾತ್ರ ಬೇಡ" ಎಂದರು.

ಆ ಸಂಜೆಯೇ ಹೊಸ ಬೀಗದ ಇನ್ನೊಂದು ಕೈಯನ್ನು ಖಾಲಿ ಮಾತ್ರೆ ಬಾಟಲಿಗೆ ಹಾಕಿ, ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರರ ಅಂಗಳದಲ್ಲಿ, ಗುಲಾಬಿ ಗಿಡದ ಬುಡದ ಕಲ್ಲಿನಡಿ ಹೂತಿಟ್ಟೆ. ಭಾವನಿಗೆ ಹೇಳಿದೆ. ನಿನಗೆ ಹೇಳಲು ಮರೆತೆ ಎಂದು ನೀನು ಅಂದುಕೊಂಡಿರಬಹುದು. ನಾನೂ ಹಾಗೆಯೇ ಅಂದುಕೊಳ್ಳಲು ಬಹಳ ಪ್ರಯತ್ನಪಟ್ಟೆ.

ಮರೆತಿರಲಿಲ್ಲ ಪುಟ್ಟಿ. ಪೋಸ್ಟ್‌ಮಾಸ್ಟರರು ನನ್ನನ್ನು ಕೇಳಿಯೇ ಕೇಳಿದರು: "ತಂಗಿ ಬಂದ್ರೆ ತೋರಿಸ್ಲಾ?" "ಯಾರಿಗೂ ಬೇಡ" ಎಂದೆ. "ತಂಗಿಗೂ?" ಎಂದರು. "ತಂಗಿಗೂ" ಎಂದೆ.

ಯಾಕೆ ಎಂದು ಹೇಳಿದರೆ ನಗುತ್ತೀಯೋ, ಅಳುತ್ತೀಯೋ. ನಿನ್ನ ಬಸ್ಸು ನಮ್ಮೂರಿನಲ್ಲಿ ಒಂದೂವರೆ ಗಂಟೆ ನಿಲ್ಲುತ್ತಿತ್ತು. ನಾನು ಅಂಗಡಿಯಲ್ಲಿರುವಾಗ ನೀನು ಬಾಗಿಲು ತೆಗೆದುಕೊಂಡು ಬಂದು, ಅಮ್ಮನ ತಲೆ ಬಾಚಿ, ಪ್ರಯಾಣಿಕರ ಕಥೆಗಳನ್ನೆಲ್ಲ ಹೇಳಿ ನಗಿಸಿ ಹೊರಟುಬಿಡುತ್ತಿದ್ದೆ. ಸಂಜೆ ನಾನು ಬಂದರೆ ಅಮ್ಮನ ಮುಖ ಬೆಳಗುತ್ತಿರುತ್ತಿತ್ತು. "ಪುಟ್ಟಿ ಬಂದಿದ್ಲು. ಅವಳ ಕೈ ಎಷ್ಟು ಮೃದು ಗೊತ್ತಾ?" ಎನ್ನುತ್ತಿದ್ದಳು. ಸೊಂಟ ಮುರಿದ ಮೇಲೆ ಮೂರು ವರ್ಷ ಅಮ್ಮನನ್ನು ಎತ್ತಿ, ಕೂರಿಸಿ, ಬಟ್ಟೆ ಬದಲಿಸಿದ್ದು ನನ್ನ ಕೈ. ಗಾಜು ಉಜ್ಜಿ ಉಜ್ಜಿ ಬೆರಳ ತುದಿಯೆಲ್ಲ ಒಡೆದ ಕೈ. ಒಂದು ದಿನವೂ ನನ್ನ ಕೈಯ ಮಾತು ಬರಲಿಲ್ಲ.

ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟೇ, ಬೇರೆ ಒಳ್ಳೆಯ ಹೆಸರು ಅದಕ್ಕಿಲ್ಲ. ಇನ್ನು ಮುಂದೆ ನನಗೆ ಫೋನ್ ಮಾಡಿ, ಕೇಳಿ, ನಾನಿರುವಾಗ ಬರಲಿ ಎಂದುಕೊಂಡೆ. ಒಂದೇ ಒಂದು ಸಲ ನೀನು ಬಾಗಿಲಲ್ಲಿ ನಿಂತು ಕಾಯಲಿ ಎಂದುಕೊಂಡೆ.

ನಾಲ್ಕೇ ದಿನಕ್ಕೆ ನೀನು ಬಂದೆ. ಪೋಸ್ಟ್‌ಮಾಸ್ಟರರು ಎಲ್ಲ ಹೇಳಿದರು. ಮೀಟರ್ ಪೆಟ್ಟಿಗೆಯನ್ನು ಮೂರು ಸಲ ತೆರೆದೆಯಂತೆ. ಕರೆಗಂಟೆ ಒತ್ತಿದೆಯಂತೆ, ನಾಣ್ಯದಿಂದ ಕಿಟಕಿಯ ಗಾಜು ಬಡಿದೆಯಂತೆ. ನನಗೆ ಫೋನ್ ಮಾಡಿದ್ದೆ, ಯಂತ್ರದ ಸದ್ದಿನಲ್ಲಿ ಕೇಳಿಸಲಿಲ್ಲ. ಕಡೆಗೆ ಬಸ್ಸಿನ ಹೊತ್ತಾಯಿತೆಂದು ಓಡಿದೆಯಂತೆ. ಅವರು ತಮ್ಮ ಪರದೆಯ ಹಿಂದೆ ನಿಂತು ನೋಡಿದರು. "ನಿಮ್ಮ ಮಾತು ಉಳಿಸ್ಕೊಂಡೆ ಕಣಮ್ಮ, ಉಳಿಸ್ಕೋಬಾರದಿತ್ತು" ಎಂದರು. ಈಗ ನನ್ನನ್ನು ಕಂಡರೆ ಅವರು ಪೇಪರ್ ಎತ್ತಿ ಮುಖಕ್ಕೆ ಹಿಡಿಯುತ್ತಾರೆ.

ಹನ್ನೊಂದು ದಿನದ ಮೇಲೆ ಅಮ್ಮ ಹೋದಳು. ಅಷ್ಟರಲ್ಲಿ ನಿನ್ನನ್ನು ಬೇರೆ ದಾರಿಯ ಬಸ್ಸಿಗೆ ಹಾಕಿದ್ದರು; ನೀನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಭಾವನಿಗೆ ಮೊನ್ನೆ ಹೇಳಿದೆ. "ಇದನ್ನ ನನಗೆ ಹೇಳಿದ್ರೆ ಏನು ಬಂತು? ಅವಳಿಗೆ ಹೇಳು" ಎಂದರು. ನಿನಗೆ ಸಿಟ್ಟು ಬಂದರೆ ಬರಲಿ. ಬಂದು ಬೈದುಹೋಗು. ಬರದೇ ಇದ್ದರೂ ತಪ್ಪು ತಿಳಿಯುವುದಿಲ್ಲ. ನಿನ್ನ ಬೆನ್ನು ಗಟ್ಟಿಯಾಗಲಿ, ನಿನ್ನ ದಾರಿಗಳು ಸುಖವಾಗಿರಲಿ. ಹರಸುವ ಬಾಯಿ ನನ್ನದಾದರೂ ಹರಕೆ ಸುಳ್ಳಲ್ಲ.

ನಿನ್ನ
ಅಕ್ಕ

ತಾಜಾಕಲಂ: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಆವತ್ತು ಸಂಜೆ ನೀನು ಫೋನ್ ಮಾಡಿ, "ಅಮ್ಮ ಮಲಗಿದ್ಲಾ ಅಕ್ಕಾ? ಅವಳಿಗೆ ಕೇಳಿಸ್ಲೇ ಇಲ್ಲ ಅನ್ಸುತ್ತೆ" ಎಂದಾಗ ನಾನು "ಹೂಂ, ಒಳ್ಳೆ ನಿದ್ದೆ" ಎಂದೆ. ಅಮ್ಮ ಮಲಗಿರಲಿಲ್ಲ. ನಾನು ಬಂದಾಗ ನೆಲದ ಮೇಲಿದ್ದಳು, ಮಂಚಕ್ಕೂ ಬಾಗಿಲಿಗೂ ನಡುವೆ. ತೆವಳಿಕೊಂಡು ಅಷ್ಟು ದೂರ ಬಂದಿದ್ದಳು. ಇನ್ನು ನಾಲ್ಕು ಗೇಣು ಬಂದಿದ್ದರೆ ಬೀಗದ ಒಳಗಿನ ಹಿಡಿ ಕೈಗೆ ಸಿಗುತ್ತಿತ್ತು. "ಪುಟ್ಟಿ ಹೊರಗೆ ನಿಂತಿದ್ದಾಳೆ, ಬೇಗ ತೆಗಿ" ಎಂದಳು. ಆಮೇಲೆ ಹತ್ತು ದಿನವೂ ಕೇಳಿದಳು, "ಪುಟ್ಟಿ ಬಂದಿದ್ಲು ಅಲ್ವಾ?" ಎಂದು. ಹೌದು ಎಂದರೆ ಬೀಗದ ಕೈಯ ಮಾತು ಬರುತ್ತಿತ್ತು. ನಾನು ಪ್ರತಿ ಸಲವೂ, "ಯಾರೂ ಬಂದಿರಲಿಲ್ಲಮ್ಮ, ನಿಂಗೆ ಕನಸು" ಎಂದೆ. ಕೊನೆಯ ದಿನ ಅಮ್ಮ ಕೇಳಲಿಲ್ಲ. ನನ್ನ ಮಾತನ್ನು ನಂಬಿಬಿಟ್ಟಿದ್ದಳು.