ಯಮನೂರನ ಜತೆಯೂಟ

ಹುಬ್ಬಳ್ಳಿ,
೨೧೭೪, ಹದಿಮೂರನೇ ತಿಂಗಳ ನಾಲ್ಕನೇ ದಿನ

ನನ್ನ ಮುತ್ತಜ್ಜಿಯ ಮುತ್ತಜ್ಜಿಗೆ ನೀಲಗಂಗವ್ವನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ತಿಂಗಳುಗಳನ್ನು ಗಿಡ್ಡ ಮಾಡಿ ನಾವು ವರ್ಷಕ್ಕೆ ಹದಿಮೂರು ಮಾಡಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಎನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ಪ್ರತಿ ಓಣಿಗೂ ವರ್ಷಕ್ಕೊಮ್ಮೆ ಕಾಯುವ ಪಟ್ಟಿ, ಅಂದರೆ ಯಾರನ್ನು ಕಾಪಾಡಬೇಕೆಂಬ ಪಟ್ಟಿ, ಬರುತ್ತದೆ. ಹದಿನೆಂಟರಿಂದ ಇಪ್ಪತ್ತೈದರೊಳಗಿನ ಹುಡುಗರಲ್ಲಿ ಯಾರು ಕೊಲೆಯಾಗುವ ಭಯ ಹೆಚ್ಚೋ ಅವರ ಹೆಸರು ಅದರಲ್ಲಿರುತ್ತದೆ. ಶಾಲೆ ಬಿಟ್ಟವನು, ಕೆಲಸ ಸಿಗದವನು, ಅಪ್ಪ ಇಲ್ಲದವನು, ಗೆಳೆಯನನ್ನು ಮಣ್ಣು ಮಾಡಿ ಬಂದವನು. ಅಂಥವನಿಗೆ ಓಣಿಯ ಹಿರಿಯರೊಬ್ಬರು ದಿನಾ ಮಧ್ಯಾಹ್ನ ಜತೆಯೂಟ ಹಾಕಬೇಕು. ಎದುರು ಕೂತು ಉಣ್ಣಬೇಕು, ಉಪದೇಶ ಮಾಡಬಾರದು. ಆ ಹುಡುಗರಿಗೆ ಕೆಲಸ ಕೊಡಲು ಯಾರಿಗೂ ಆಗಲಿಲ್ಲ, ರೊಟ್ಟಿ ಬಡಿಯಲು ನಮಗೆ ಬರುತ್ತದೆ, ಅಷ್ಟೇ.

ನನ್ನ ಪಾಲಿಗೆ ಬಂದವನು ಯಮನೂರ, ಇಪ್ಪತ್ತೊಂದರವನು. ಎರಡು ವರ್ಷ ನನ್ನೆದುರು ಉಂಡ. ಬದನೆಕಾಯಿ ಎಣಗಾಯಿ ಕಂಡರೆ ಮುಖ ಅರಳುತ್ತಿತ್ತು. "ಯಾರರ ನಿನ್ನ ಬೆನ್ನ ಹತ್ಯಾರೇನೋ?" ಎಂದು ದಿನಾ ಕೇಳುತ್ತಿದ್ದೆ. "ನನಗ್ಯಾರ ಏನ್ ಮಾಡ್ತಾರ, ಬಿಡಬೇ ಆಯಿ" ಎನ್ನುತ್ತಿದ್ದ. ನೀನು ಯಾರ ಬೆನ್ನು ಹತ್ತಿದ್ದೀಯ ಎಂದು ಒಂದು ದಿನವೂ ಕೇಳಲಿಲ್ಲ. ನನ್ನ ಬುದ್ಧಿಗೆ ಮಂಕು ಕವಿದಿತ್ತು.

ಯುಗಾದಿಯ ಮರುದಿನ ನೀರಿನ ಸರದಿಯಲ್ಲಿ ದ್ಯಾಮಣ್ಣ ಎಂಬ ಹುಡುಗ ಯಮನೂರನ ಸತ್ತ ಅಪ್ಪನನ್ನು ಆಡಿಕೊಂಡು ನಕ್ಕನಂತೆ. ಇವನು ಸೊಂಟದಲ್ಲಿದ್ದ ಚಾಕು ತೆಗೆದು ಅವನನ್ನು ಅಲ್ಲೇ ಇರಿದು ಕೊಂದುಬಿಟ್ಟ. ಆ ಚಾಕು ಎಷ್ಟು ದಿನ ನನ್ನೆದುರು ಊಟಕ್ಕೆ ಕೂತಿತ್ತೋ ಏನೋ. ದ್ಯಾಮಣ್ಣನೂ ಪಟ್ಟಿಯವನೇ, ಪಕ್ಕದ ಮನೆಯ ಹುಸೇನಬಿ ಅವನಿಗೆ ಜತೆಯೂಟ ಹಾಕುತ್ತಿದ್ದಳು. ಒಂದೇ ಗೋಡೆಯ ಆಚೆ ಈಚೆ ನಾವು ರೊಟ್ಟಿ ಬಡಿದಿದ್ದೆವು. ಸಾಯುವವರು ಬೇರೆ, ಕೊಲ್ಲುವವರು ಬೇರೆ ಎಂದುಕೊಂಡಿದ್ದೆವು. ಇಬ್ಬರೂ ಒಂದೇ ಪಟ್ಟಿಯಲ್ಲಿದ್ದರು.

ಮೊನ್ನೆ ಹೊಸ ಪಟ್ಟಿ ಬಂತು. ಅದರಲ್ಲಿ ನನ್ನ ಮೊಮ್ಮಗ ಈರಣ್ಣನ ಹೆಸರಿದೆ. ಹತ್ತೊಂಬತ್ತರವನು. ಶಾಲೆ ಎಂದೋ ಬಿಟ್ಟ. ದ್ಯಾಮಣ್ಣ ಅವನ ಗೆಳೆಯ, ಹೆಣಕ್ಕೆ ಹೆಗಲು ಕೊಟ್ಟು ಬಂದವನು ಆಮೇಲೆ ಯಾರೊಡನೆಯೂ ಸರಿಯಾಗಿ ಮಾತಾಡಿಲ್ಲ.

ನಿಮ್ಮ ಕಾಲದಲ್ಲಿ ಪಟ್ಟಿ ಇರಲಿಲ್ಲ, ಆದರೆ ಎಂಥ ಹುಡುಗರು ಸಾಯುತ್ತಾರೆ ಎಂಬುದು ನಿಮಗೆ ಆಗಲೇ ಗೊತ್ತಿತ್ತು ಎಂದು ಹಳೆಯ ಕಾಗದಗಳಲ್ಲಿ ಓದಿದ್ದೇನೆ. ನಿಮ್ಮ ಮೇಲೆ ಸಿಟ್ಟು ಬರುತ್ತದೆ. ಗೊತ್ತಿದ್ದೂ ನಾನೇನು ಕಡಿದು ಕಟ್ಟೆ ಹಾಕಿದೆ ಎಂದೂ ಅನಿಸುತ್ತದೆ. ನಿಮ್ಮ ಓಣಿಯಲ್ಲಿ ಶಾಲೆ ಬಿಟ್ಟು ಕೂತ ಹುಡುಗನಿದ್ದರೆ ಅವನನ್ನು ಕರೆಯಿರಿ, ಪಟ್ಟಿ ಬರಲಿ ಎಂದು ಕಾಯಬೇಡಿ. ಈ ಕಾಗದ ನಿಮಗೆ ತಲುಪುವುದಿಲ್ಲ ಎಂಬುದು ನನಗೆ ಗೊತ್ತು.

ಇವತ್ತು ಮಧ್ಯಾಹ್ನ ಈರಣ್ಣನೆದುರು ತಟ್ಟೆ ಇಟ್ಟು ಕೂತೆ. ಅವನು ರೊಟ್ಟಿ ಮುರಿಯಲಿಲ್ಲ. "ಆಯಿ, ನೀ ನನ್ನ ಕಾಯಾಕತ್ತೀಯೋ, ನನ್ನಿಂದ ಮಂದೀನ ಕಾಯಾಕತ್ತೀಯೋ?" ಎಂದ.

"ಮೊದ್ಲ ಉಣ್ಣಪ್ಪಾ" ಎಂದೆ. ಹಾಗೆನ್ನುವಾಗ ನನ್ನ ಕಣ್ಣು ಅವನ ಸೊಂಟದ ಕಡೆ ಹೋಯಿತು. ಅದನ್ನು ಅವನು ನೋಡಿದ.

ನೀಲಗಂಗವ್ವ