ಫೋನಿಗೂ ಸೂತಕ

ದೊಡ್ಡಬಳ್ಳಾಪುರ
೧೪ ಜೂನ್ ೨೦೨೫

ಪ್ರಿಯ ಕೀರ್ತನ,

ನಿನ್ನ ಮೆಸೇಜು ಬಂದು ತಿಂಗಳಾಯಿತು. ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ಫೋನಿನಲ್ಲಿ ಕಳಿಸಿದರೆ ಅರ್ಧ ಓದಿ ಒಂದು ಹಾರ್ಟ್ ಒತ್ತಿ ಸುಮ್ಮನಾಗುತ್ತೀಯ, ಅದಕ್ಕೇ ಕಾಗದ. ಅಪ್ಪ ಚೆನ್ನಾಗಿದ್ದಾರೆ. ಕರೆಂಟಿದ್ದಾಗ ಮಗ್ಗ ಓಡುತ್ತದೆ. ನೀನು ಬಸುರಿ ಅಂತ ನಮ್ಮ ಕಾಲೇಜಿನ ರಮ್ಯ ಹೇಳಿದಳು. ನಿಜಕ್ಕೂ ಖುಷಿಯಾಯಿತು.

ಕೊರೊನಾ ಕಾಲದ ನಮ್ಮ ‘ಸಂಜೆದೀಪ’ ಗುಂಪಿನವರೆಲ್ಲ ಶಿವಗಂಗೆಯಲ್ಲಿ ಸೇರಬೇಕು, ಮೊದಲ ದೀಪ ನಾನೇ ಹಚ್ಚಬೇಕು ಅಂತ ಬರೆದಿದ್ದೀಯ. ಗುಂಪು ಒಳ್ಳೆಯದೇ ಇತ್ತು, ಇಲ್ಲ ಅನ್ನುವುದಿಲ್ಲ. ಕಾಲೇಜು ಮುಚ್ಚಿ, ಮಗ್ಗ ನಿಂತು, ಮನೆಯೊಳಗೆ ತಲೆ ಕೆಟ್ಟುಹೋಗಿತ್ತು. ಸಂಜೆಯಾದರೆ ಎಲ್ಲರೂ ವಿಡಿಯೋ ಕಾಲಿನಲ್ಲಿ ಸೇರಿ, ಫೋನಿನ ಮುಂದೆ ದೀಪ ಹಚ್ಚಿ, ಶ್ಲೋಕ ಹೇಳಿ, ಆಮೇಲೆ ಹರಟುತ್ತಿದ್ದೆವು. ದಿನವಿಡೀ ಅದಕ್ಕೇ ಕಾಯುತ್ತಿದ್ದೆ. ಎರಡನೇ ಅಲೆಯಲ್ಲಿ ಅಮ್ಮ ಆಸ್ಪತ್ರೆ ಸೇರಿದಾಗ ಅವಳ ಹೆಸರಿನಲ್ಲೂ ಹಚ್ಚಿದಿರಿ. “ನಾವೆಲ್ಲ ಇದೀವಿ ಕಣೇ” ಅಂದವಳು ನೀನೇ.

ಅಮ್ಮ ಹೋದ ದಿನ ನಮ್ಮ ಬೀದಿಯವರು ಬಾಗಿಲು ತೆರೆಯಲಿಲ್ಲ. ಚಿಕ್ಕಪ್ಪನೂ ಬರಲಿಲ್ಲ. ಅವರಿಗೆ ಕಾಯಿಲೆಯ ಭಯ, ಬಿಡು. ಸಂಜೆ ನಾನು ಫೋನು ತೆಗೆದು ಕಾಲ್ ಸೇರಿದೆ. ದೀಪ ಹಚ್ಚುವುದಕ್ಕಲ್ಲ, ನಿಮ್ಮ ಮುಖ ನೋಡುವುದಕ್ಕೆ. ನೀನು ಅಂದೆ, “ಮೇಘು, ಬೇಜಾರ್ ಮಾಡ್ಕೋಬೇಡ ಕಣೇ. ನಿಮ್ಗೆ ಸೂತಕ ಅಲ್ವಾ, ಇಲ್ಲಿ ದೀಪ ಉರೀತಿದೆ. ತಿಥಿ ಕಳೀಲಿ, ಆಮೇಲೆ ಸೇರ್ಕೊ.” ಹಿಂದಿನಿಂದ ನಿಮ್ಮಮ್ಮ “ಕಟ್ ಮಾಡೇ ಮೊದ್ಲು” ಅಂದದ್ದೂ ಕೇಳಿಸಿತು. ಉಳಿದವರೆಲ್ಲ ತಂತಮ್ಮ ದೀಪ ನೋಡುತ್ತಾ ಕೂತರು. ನೀನು ನನ್ನನ್ನು ಕಾಲ್‌ನಿಂದ ಹೊರಗೆ ಹಾಕಿದೆ.

ನಿಮ್ಮ ಮನೆ ದೇವನಹಳ್ಳಿಯಲ್ಲಿ, ನಮ್ಮದು ಇಲ್ಲಿ. ಫೋನಿನಲ್ಲಿ ಪುಣ್ಯ ಬರುತ್ತದೆ, ಸೂತಕವೂ ಬರುತ್ತದೆ, ಮನುಷ್ಯರು ಮಾತ್ರ ಬರುವುದಿಲ್ಲವೇನೇ? ತಿಥಿಯಾದ ಮರುದಿನ ನೀನು ತಪ್ಪದೆ ಕರೆ ಮಾಡಿದೆ. ಲೆಕ್ಕ ಹಾಕಿಕೊಂಡೇ ಕೂತಿದ್ದೆ ಅಂತ ಕಾಣುತ್ತೆ. ನಾನು ಎತ್ತಲಿಲ್ಲ.

ಶಿವಗಂಗೆಗೆ ಬರುವುದಿಲ್ಲ. ದೀಪ ಬೇರೆ ಯಾರಾದರೂ ಹಚ್ಚಲಿ. ನಿನ್ನ ಹೆರಿಗೆ ಸುಸೂತ್ರವಾಗಲಿ, ಕೂಸು ನೂರು ಕಾಲ ಬಾಳಲಿ. ಇದನ್ನು ಮನಸಾರೆ ಬರೆದಿದ್ದೇನೆ.

ನಿನ್ನ
ಮೇಘನ

ತಾ.ಕ.: ಅವತ್ತು ನಿನಗೆ ಹೇಳಬೇಕೆಂದು ಬಂದದ್ದು ಇಷ್ಟೇ. ಅಮ್ಮನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಆಸ್ಪತ್ರೆಯಿಂದ ನೇರ ಸ್ಮಶಾನಕ್ಕೆ ಒಯ್ದರು. ಮುಖ ತೋರಿಸಲಿಲ್ಲ, ಹತ್ತಿರ ಬಿಡಲಿಲ್ಲ. ನನ್ನಿಂದ ನಿಮಗೆ ಸೂತಕ ತಗಲುತ್ತದೆ ಅಂತ ಹೆದರಿದಿರಿ. ನಾನು ಅಮ್ಮನನ್ನು ಮುಟ್ಟಿರಲೇ ಇಲ್ಲ ಕಣೇ.