ಮರಿ ಯಂತ್ರದ ಮೂರು ನಲ್ಲಿ

ಹಾತಾಪಂಪಾ, ಸಲಿನಾಸ್ ಸಮೀಪ
೪ ಆಗಸ್ಟ್ ೧೯೯೭, ಸೋಮವಾರ

ಪ್ರೀತಿಯ ಮಗಳು ಸೆನೋಬಿಯಾಗೆ,

ಹೇಗಿದ್ದೀಯ ಕಂದ? ಕೆಮ್ಮು ಕಡಿಮೆಯಾಯಿತೇ? ಕೊಚಬಾಂಬಾದ ಬಿಸಿಲು ನಂಬಿ ಶಾಲಿಲ್ಲದೆ ತಿರುಗಬೇಡ. ಪರೀಕ್ಷೆಯ ನೆಪದಲ್ಲಿ ಊಟ ಬಿಡಬೇಡ. ಒಣಗಿಸಿದ ಲಾಮಾ ಮಾಂಸವನ್ನು ಗಂಟು ಕಟ್ಟಿ ಬಸ್ಸಿನವನ ಕೈಗೆ ಕೊಡುತ್ತಿದ್ದೇನೆ, ಗೆಳತಿಯರಿಗೆಲ್ಲ ಹಂಚಿ ಬರಿಗೈಯಾಗಬೇಡ. ನಾವು ಕ್ಷೇಮ. ನಿನ್ನ ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ತಾಗಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅರ್ಧ ಕೇಳುವಷ್ಟರಲ್ಲಿ ನೀನು ಬೈಯಲು ಶುರು ಮಾಡುತ್ತೀಯ. ಕಾಗದವಾದರೆ ಪೂರ್ತಿ ಓದಲೇಬೇಕು.

ಶುಕ್ರವಾರ ನಿನ್ನ ಯಂತ್ರ ಓಡಿತು! ನೀನು ಅದನ್ನು ಪ್ರಾಯೋಗಿಕ ಘಟಕ ಎನ್ನುತ್ತೀಯ, ಊರಿನವರು ಮರಿ ಎನ್ನುತ್ತಾರೆ. ನಿಜ ಹೇಳುತ್ತೇನೆ, ಕಟ್ಟುವಾಗ ನಿನ್ನನ್ನು ಎಷ್ಟು ಬೈದುಕೊಂಡೆನೋ ಲೆಕ್ಕವಿಲ್ಲ. ಗಂಟೆಗೆ ಇಪ್ಪತ್ತು ಮೂಟೆ ಕಿನೋವಾ ಕಾಳಿನ ಸಿಪ್ಪೆಯ ಕಹಿ ತೆಗೆಯುವ ದೊಡ್ಡ ಯಂತ್ರ ಬೇಕಾಗಿರುವಾಗ, ಒಂದೇ ಮೂಟೆಯದನ್ನು ಮೊದಲು ಕಟ್ಟಬೇಕಂತೆ. ಅದರಲ್ಲೂ ನನ್ನಂಥ ವೆಲ್ಡರನಿಗೆ "ವೆಲ್ಡ್ ಮಾಡಬೇಡಪ್ಪ, ಬೋಲ್ಟ್ ಹಾಕು, ನಾಳೆ ಬಿಚ್ಚಿ ಬದಲಾಯಿಸ್ಬೇಕು" ಎಂದೆಯಲ್ಲ, ಗಣಿಯಲ್ಲಿ ಮೂವತ್ತು ವರ್ಷ ಬೆಸುಗೆ ಹಾಕಿದವನಿಗೆ ಅದು ಕೆನ್ನೆಗೆ ಹೊಡೆದ ಹಾಗಿತ್ತು. ಕಾಳು ಇಳಿಸಿ ನೋಡಲು ಉಜ್ಜುವ ಪೀಪಾಯಿಯ ಕೆಳಗೊಂದು ನಲ್ಲಿ, ತೊಳೆಯುವ ತೊಟ್ಟಿಯ ಕೆಳಗೊಂದು, ಕೊನೆಯ ಜರಡಿಯ ಕೆಳಗೊಂದು. ಇಷ್ಟು ನಲ್ಲಿ ಯಾಕೆ ಎಂದರೆ "ತಪ್ಪು ಎಲ್ಲಾಗಿದೆ ಅಂತ ಗೊತ್ತಾಗೋಕೆ" ಎಂದೆ. ತಪ್ಪನ್ನು ಮೊದಲೇ ಕರೆದು ಕೂರಿಸಿಕೊಳ್ಳುವ ಎಂಜಿನಿಯರನ್ನು ನಾನಂತೂ ನೋಡಿರಲಿಲ್ಲ.

ಶುಕ್ರವಾರ ಸಹಕಾರ ಸಂಘದವರೆಲ್ಲ ಬಂದಿದ್ದರು. ಅಧ್ಯಕ್ಷ ದೊನ್ ಫುಲ್ಹೆನ್ಸಿಯೋ ಕುರ್ಚಿ ಹಾಕಿಸಿಕೊಂಡು ಮುಂದೆಯೇ ಕೂತಿದ್ದ. ಪಟ್ಟಣದಿಂದ ಸಿದ್ಧ ಯಂತ್ರ ತರಿಸಬೇಕೆಂಬುದು ಅವನ ಹಟ. ನಿನ್ನ ಮರಿ ಸೋತರೆ ನಿನ್ನ ನಕ್ಷೆ ಒಲೆಗೆ, ಗೆದ್ದರೆ ದೊಡ್ಡ ಯಂತ್ರವೂ ನಿನ್ನದೇ. ಕಾಳು ಹೊರಗೆ ಬಂತು, ಮುತ್ತಿನ ಹಾಗೆ ಬೆಳ್ಳಗೆ. ನೀನು ಹೇಳಿದಂತೆ ಒಂದು ಚಮಚ ಗಾಜಿನ ಕೊಳವೆಗೆ ಹಾಕಿ, ನೀರು ಬೆರೆಸಿ ಕುಲುಕಿದೆ. ಆ ಕಹಿಯೇ ನೊರೆ ಕಟ್ಟುವುದರಿಂದ, ನೊರೆ ಉಗುರಿನಗಲಕ್ಕಿಂತ ಕಡಿಮೆ ಇದ್ದರೆ ಕಹಿ ಹೋಗಿದೆ ಎಂದರ್ಥ ತಾನೆ? ಮೂರು ಬೆರಳು ಬಂತು ಮಗಳೇ. "ಏನ್ ದೊನ್ ಎವಾರಿಸ್ತೋ, ಕಾಳು ತೊಳಿಯೋ ಯಂತ್ರಾನೋ, ಸೋಪು ಮಾಡೋ ಯಂತ್ರಾನೋ?" ಎಂದ ಫುಲ್ಹೆನ್ಸಿಯೋ. ಎಲ್ಲರೂ ಗೊಳ್ಳೆಂದು ನಕ್ಕರು. ನಿನ್ನ ಮೂರು ವರ್ಷದ ದುಡಿಮೆ ಆ ನಗುವಿನಲ್ಲಿ ಕೊಚ್ಚಿಹೋಗುವುದರಲ್ಲಿತ್ತು.

ಆಗ ಎದ್ದಳು ನಿನ್ನ ಅಮ್ಮ. ಕಲ್ಲಿನ ಗುಂಡಿಯಲ್ಲಿ ಬಿಸಿ ಕಾಳು ತುಳಿದು ತುಳಿದು ಪಾದ ಸವೆಸಿಕೊಂಡವಳು ಅವಳು, ಕಹಿಯ ವಿಷಯದಲ್ಲಿ ಅವಳಿಗೆ ಯಾರೂ ಪಾಠ ಹೇಳಬೇಕಿಲ್ಲ. "ನನ್ನ ಮಗಳು ಆ ನಲ್ಲಿಗಳ್ನ ಅಂದಕ್ಕೆ ಇಡಿಸಿದ್ದಾಳಾ? ನಡುವಿಂದು ತಿರುಗ್ಸಿ" ಎಂದಳು. ತೊಟ್ಟಿಯ ನಲ್ಲಿಯಿಂದ ಬಂದ ಕಾಳನ್ನು ಕುಲುಕಿದರೆ ನೊರೆ ದಾರದಷ್ಟು! ಅಂದರೆ ಕಹಿ ತೊಟ್ಟಿಯಲ್ಲೇ ಹೋಗಿದೆ, ಎಡವಟ್ಟಾಗಿರುವುದು ಜರಡಿಯಲ್ಲಿ. ಅವಳು ಬಗ್ಗಿ ಜರಡಿಯನ್ನು ಮೂಸಿ ನೋಡಿದಳು, ನನ್ನ ಕಡೆ ತಿರುಗಿದಳು. "ಏಯ್ ಎವಾರಿಸ್ತೋ, ಇದಕ್ಕೆ ಬಿಯರ್ ಕುಡಿಸಿದ್ದು ನೀನೇ ತಾನೆ?"

ಬೈಯಬೇಡ. ಆಗಸ್ಟ್ ಒಂದನೇ ತಾರೀಕು, ಭೂತಾಯಿ ಪಾಚಮಾಮಾ ಬಾಯಿ ತೆರೆದು ಕೂತಿರುವ ದಿನ. ಅವಳಿಗೆ ಕೊಡದೆ ಹೊಸ ಯಂತ್ರ ಓಡಿಸುವುದು ಹೇಗೆ? ಬೆಳಿಗ್ಗೆ ಒಬ್ಬನೇ ಬಂದು ನಾಲ್ಕು ಮೂಲೆಗೂ ಬಿಯರ್ ಸುರಿದೆ. ತಲೆಗೆ ಸುರಿದು ಬಾಲಕ್ಕೆ ಬಿಟ್ಟರೆ ಮುನಿದಾಳೆಂದು ಜರಡಿಗೂ ಧಾರಾಳವಾಗಿಯೇ ಸುರಿದೆ. ಕಾಳಿಗೆ ಅಂಟಿ ನೊರೆ ಕಟ್ಟಿದ್ದು ಅದೇ. ಎಲ್ಲರ ಮುಂದೆ ಟೋಪಿ ತೆಗೆದು ಒಪ್ಪಿಕೊಂಡೆ: "ಹುಡುಗಿ ಲೆಕ್ಕ ಸರಿಯಾಗೇ ಇದೆ, ತಪ್ಪು ಅಪ್ಪಂದು." ಬೋಲ್ಟ್ ಬಿಚ್ಚಿ, ಜರಡಿ ತೊಳೆದು, ಮತ್ತೆ ಕೂರಿಸಲು ಕಾಲು ಗಂಟೆ ಸಾಕಾಯಿತು. ವೆಲ್ಡ್ ಮಾಡಿದ್ದರೆ ಅರ್ಧ ದಿನ ಬೇಕಿತ್ತು. ಮತ್ತೆ ಓಡಿಸಿದಾಗ ಮೂರೂ ನಲ್ಲಿಗಳು ನೀನು ಬರೆದುಕೊಟ್ಟಂತೆಯೇ ನಡೆದುಕೊಂಡವು. ಆ ಕಾಳಿನದೇ ಗಂಜಿ ಮಾಡಿ ಬಡಿಸಿದೆವು, ಫುಲ್ಹೆನ್ಸಿಯೋ ಎರಡು ಬಟ್ಟಲು ಕುಡಿದ. ನನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆ ಎಂದೂ ಪಟ್ಟಿರಲಿಲ್ಲ ಕಂದ, ಅಷ್ಟು ನಾಚಿಕೆಯನ್ನೂ.

ನೀನು ಚೆನ್ನಾಗಿ ಓದಿ ಮುಗಿಸು. ತಾಯಿ ಭೂಮಿ ನಿನ್ನ ಕೈ ಹಿಡಿದು ನಡೆಸಲಿ. ಅಮ್ಮ ಮುತ್ತು ಕಳಿಸಿದ್ದಾಳೆ.

ನಿನ್ನ ಅಪ್ಪ,
ಎವಾರಿಸ್ತೋ ಕೋಪಾ

ತಾ.ಕ.: ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಮುಖ್ಯ ಮಾತೇ ಉಳಿದುಹೋಯಿತು. ನಿನ್ನೆಯ ಸಭೆಯಲ್ಲಿ ದೊಡ್ಡ ಯಂತ್ರವನ್ನು ನಿನ್ನ ನಕ್ಷೆಯಂತೆಯೇ ಕಟ್ಟುವುದೆಂದು ಎಲ್ಲರೂ ಕೈ ಎತ್ತಿದರು. ಒಂದೇ ಷರತ್ತು: ಬಾಗಿಲ ಬಳಿ, ಕಾಳು ಹೋಗುವ ದಾರಿಯಿಂದ ದೂರವಾಗಿ, ಭೂತಾಯಿಗೆ ಸುರಿಯಲು ನೆಲದಲ್ಲೊಂದು ಕುಳಿ ಬೇಕು, ಅದು ಅಳತೆ ಸಮೇತ ನಕ್ಷೆಯಲ್ಲೇ ಇರಬೇಕು. ಈ ವಾರವೇ ಬರೆದು ಕಳಿಸು. ಫುಲ್ಹೆನ್ಸಿಯೋ ಕೊಂಕು ತೆಗೆದ: "ನಿನ್ನ ಮಗಳು ಕಾಳಿನ್ ಬಗ್ಗೆ ಎಲ್ಲಾ ಯೋಚ್ನೆ ಮಾಡಿದ್ಲು, ನಮ್ ಬಗ್ಗೆ ಮಾತ್ರ ಮಾಡ್ಲಿಲ್ಲ." ನಾನು ಬಿಡಲಿಲ್ಲ. "ಅದಕ್ಕೇ ಅಲ್ವೇನಯ್ಯಾ ಅವಳು ಮೊದ್ಲು ಮರಿ ಕಟ್ಟಿಸಿದ್ದು!" ಎಂದೆ.